ನೆಲದೊಳಗಿನ ಹಲಸು

ಹೊಳೆದಂಡೆಯ ಅಜ್ಜಯ್ಯನ ತೋಟಕ್ಕೆ ಹೋದವರು ಹಣ್ಣು ತಿನ್ನದೆ ಬಂದದ್ದಿಲ್ಲ. ಬರಿಗೈಯಲ್ಲಿ ಬಂದದ್ದೂ ಇಲ್ಲ.

ತಿಂದು ಕೈ ತೊಳೆದ ಮೇಲೆ ಅಜ್ಜಯ್ಯ ಅದೇ ಮರದಿಂದ ಒಂದು ಎಳೆ ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೈಗಿಡುತ್ತಿದ್ದರು. “ಕಸಿ ಕಟ್ಟು. ಚಿಗುರದಿದ್ದರೆ ಬಾ, ಇನ್ನೊಂದು ಕೊಡ್ತೀನಿ” ಅನ್ನುತ್ತಿದ್ದರು. ಬೇಡ ಅಂದರೆ ಬಿಡುವ ಆಸಾಮಿಯಲ್ಲ. ಹಿತ್ತಲಿಲ್ಲದವರಿಗೂ ಕೊಡುತ್ತಿದ್ದರು. ಹಿತ್ತಲಿದ್ದವರನ್ನು ಹುಡುಕಿ ದಾಟಿಸುವುದು ಅವರವರ ಪಾಡು.

ಬಿಳಿ ನೇರಳೆ, ಪನ್ನೇರಳೆ, ರಾಮಫಲ, ತಲೆಗಾತ್ರದ ಚಕ್ಕೋತ, ಕಾರ್ತೀಕದಲ್ಲಿ ಹಣ್ಣು ಕೊಡುವ ಮಾವು, ಏನಿರಲಿಲ್ಲ ಹೇಳಿ ಆ ತೋಟದಲ್ಲಿ! ಆದರೂ ಅಜ್ಜಯ್ಯ ಜಂಬ ಕೊಚ್ಚುತ್ತಿದ್ದದ್ದು ಒಂದೇ ಮಾತಿಗೆ.

“ನನ್ನ ಹತ್ತಿರ ಮಾತ್ರ ಇರೋ ಮರ ಇಲ್ಲಿ ಒಂದೂ ಇಲ್ಲ” ಅನ್ನುತ್ತಿದ್ದರು.

ಅವರ ಶಿಷ್ಯ ಓಂಕಾರಪ್ಪನ ಆಸೆ ಇದಕ್ಕೆ ತದ್ವಿರುದ್ಧ.

ಓಂಕಾರಪ್ಪನ ಮನೆ ಹೊಳೆಯಾಚೆ. ಸಂಸಾರಸ್ಥ. ಬೇರೆ ಯಾವ ಚಟವೂ ಇರಲಿಲ್ಲ, ಹಣ್ಣಿನ ಮರದ ಹುಚ್ಚೊಂದು ಬಿಟ್ಟು. ಎಲ್ಲಿಯೋ ಅಪರೂಪದ ಹಣ್ಣಿದೆ ಅಂತ ಸುದ್ದಿ ಕಿವಿಗೆ ಬಿದ್ದರೆ ಊಟ ಬಿಟ್ಟು ಓಡುತ್ತಿದ್ದ. ಮನೆಯ ಸುತ್ತ ಕಾಲಿಡಲು ಜಾಗವಿಲ್ಲದ ಹಾಗೆ ಗಿಡ ತುಂಬಿಕೊಂಡಿದ್ದ. ಬಂದ ನೆಂಟರಿಗೆ ಹಣ್ಣು ಕೊಯ್ದು, ಬೀಜ ಬಿಡಿಸಿ, ತಟ್ಟೆಯಲ್ಲಿಟ್ಟು ಕೊಡುತ್ತಿದ್ದ. ನೇರಳೆಯಿಂದಲೂ ಬೀಜ ಬಿಡಿಸುತ್ತಿದ್ದ ಮಹಾನುಭಾವ! ಎಂಥ ಉಪಚಾರ ಅಂತ ಅವರು ಹೊಗಳಿ ಹೋಗುತ್ತಿದ್ದರು. ತಮ್ಮೂರಲ್ಲಿ ಬಿತ್ತಿಕೊಂಡಾರು ಅನ್ನುವ ಹೊಟ್ಟೆಕಿಚ್ಚು ಅದು ಅಂತ ಪಾಪ, ಅವರಿಗೆ ಹೇಗೆ ಗೊತ್ತಾಗಬೇಕು.

ಅಜ್ಜಯ್ಯನಿಗೆ ಗೊತ್ತಿತ್ತೋ ಇಲ್ಲವೋ. ಕೈ ಒಳ್ಳೇದು, ಇವನು ಕಟ್ಟಿದ ಕಸಿ ಒಣಗೋದಿಲ್ಲ ಅಂತ ಮಾತ್ರ ಎಲ್ಲರೆದುರು ಹೇಳುತ್ತಿದ್ದರು.

ಒಂದು ದಿನ ಸಸಿಗಳಿಗೆ ನೀರು ಹಾಕುತ್ತಾ ಓಂಕಾರಪ್ಪ ಕೇಳಿದ.

“ಅಜ್ಜಯ್ಯ, ಕಸಿ ಕಟ್ಟಿದ ಗಿಡ ತಾಯಿಮರಕ್ಕೆ ಮಗು ತಾನೇ?”

ಅಜ್ಜಯ್ಯ ಹತ್ತಿರ ಬಂದು ಅವನ ಕಿವಿ ಹಿಡಿದು ಬಲವಾಗಿ ಹಿಂಡಿದರು.

“ಅಯ್ಯಯ್ಯೋ!” ಅಂತ ಕೂಗಿಕೊಂಡ ಓಂಕಾರಪ್ಪ.

“ನಾನು ಹಿಂಡಿದ್ದು ಕಿವಿ. ಬಾಯಿ ಯಾಕೆ ಕೂಗ್ತು?” ಅಂದರು ಅಜ್ಜಯ್ಯ. ಅಷ್ಟೇ ಹೇಳಿ ಕೊಡ ಎತ್ತಿಕೊಂಡು ಹೊಳೆಗಿಳಿದರು.

ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಂಡ ಶಿಷ್ಯ, ಕಿವಿ ಉಜ್ಜಿಕೊಂಡ.

ಆ ಮುಂಗಾರಿನಲ್ಲಿ ಹಾಲಮ್ಮ ಬಂದಳು. ಪಕ್ಕದೂರಿನವಳು, ಸೊಸೆ ಮೊಮ್ಮಕ್ಕಳು ತುಂಬಿದ ಮನೆಯ ಯಜಮಾನಿ, ಬಾಯಿ ಜೋರು. ಕಂಕುಳಲ್ಲಿ ಒಂದು ಹಲಸಿನ ಹಣ್ಣು. ಅದರ ಮೈಗೆಲ್ಲ ಕೆಂಪು ಮಣ್ಣು ಮೆತ್ತಿತ್ತು.

“ಎಲ್ಲಿ ಬೀಳಿಸಿಕೊಂಡ್ಯವ್ವಾ?” ಅಂದರು ಅಜ್ಜಯ್ಯ.

“ಬೀಳಿಸಿದ್ದಲ್ಲ ಅಜ್ಜಯ್ಯ, ಅಗೆದಿದ್ದು. ನಮ್ಮ ಮರ ಮೇಲೆ ಬಿಡಾಕಿಲ್ಲ. ಬೇರಿಗೇ ಬಿಡ್ತೈತೆ. ನೆಲ ಬಾಯಿಬಿಟ್ಟು ಘಮ್ ಅಂದಾಗ ಹಣ್ಣಾಗೈತೆ ಅಂತ ಗೊತ್ತಾಗ್ತೈತೆ.”

ಸೀಳಿದರೆ ಒಳಗೆ ತೊಳೆಗಳು ಕುಂಕುಮದ ಬಣ್ಣ. ಒಂದು ತೊಳೆ ಬಾಯಿಗಿಟ್ಟುಕೊಂಡ ಓಂಕಾರಪ್ಪ ಕಣ್ಣು ಮುಚ್ಚಿದವನು ತೆರೆಯಲೇ ಇಲ್ಲ. ಅಂಥ ರುಚಿ ಅವನು ಹುಟ್ಟಿದ ಮೇಲೆ ಕಂಡಿರಲಿಲ್ಲ.

“ಮರಕ್ಕೆ ಬಾಳ ವಯಸ್ಸಾತು” ಅಂದಳು ಹಾಲಮ್ಮ. “ಬೀಜ ಹಾಕಿದ್ರೆ ಬೇರೆ ಜಾತಿ ಆಗ್ತೈತೆ, ಇದು ಬರಾಕಿಲ್ಲ. ಅದು ಬೀಳೋದರೊಳಗೆ ನಾಕೂರಲ್ಲಿ ಇರೋ ಹಂಗೆ ಮಾಡ್ರಿ.”

ಅಜ್ಜಯ್ಯನಿಗೆ ಮಂಡಿನೋವು. “ನನ್ನ ಶಿಷ್ಯ ಬರ್ತಾನೆ ತಾಯಿ. ಒಂದು ಕಡ್ಡಿ ಅವನಿಗೆ, ಮಿಕ್ಕಿದ್ದು ಊರಿಗೆ” ಅಂದರು.

ಮಾರನೆಯ ದಿನವೇ ಓಂಕಾರಪ್ಪ ಹೋದ. ಕಡ್ಡಿ ಕೊಯ್ಯುವ ಮೊದಲು ಹಾಲಮ್ಮ ಮರದ ಬುಡಕ್ಕೆ ನೀರು ಹಾಕಿ, ಕೈಮುಗಿದು, “ಬೇಜಾರು ಮಾಡ್ಕೋಬ್ಯಾಡವ್ವ. ನಾಕೂರು ನೋಡ್ಕಂಡು ಬಾ” ಅಂದಳು. ಮನುಷ್ಯರ ಜೊತೆ ಮಾತಾಡುವಂತೆಯೇ ಇತ್ತು ಆ ದನಿ.  ಓಂಕಾರಪ್ಪ ಬೇಕಾದಷ್ಟು ಕಡ್ಡಿ ಕೊಯ್ದ.

ತಂದ ಕಡ್ಡಿಗಳನ್ನೆಲ್ಲ ಮನೆಯಲ್ಲಿದ್ದ ಕಾಡುಹಲಸಿನ ಸಸಿಗಳ ಮೇಲೆ ಕೂರಿಸಿ, ಬಾಳೆನಾರು ಸುತ್ತಿ ಕಟ್ಟಿದ. ಒಂದೂ ಒಣಗಲಿಲ್ಲ. ಎಲ್ಲವೂ ಚಿಗುರಿದವು.

ಒಂದನ್ನು ಹಿತ್ತಲಲ್ಲಿ ನೆಟ್ಟುಕೊಂಡ. ಉಳಿದವನ್ನು ತಾನೇ ಕಿತ್ತು ಗೊಬ್ಬರಗುಂಡಿಗೆ ಎಸೆದ. ಅಜ್ಜಯ್ಯನ ಹತ್ತಿರ ಹೋಗಿ, “ಒಂದೂ ಬರಲಿಲ್ಲ ಅಜ್ಜಯ್ಯ. ಹಳೇ ಮರ, ಕಡ್ಡಿಯಲ್ಲಿ ಜೀವ ಇರಲಿಲ್ಲ” ಅಂದ.

“ಹೌದಾ?” ಅಂದರು ಅಜ್ಜಯ್ಯ. 

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನನ್ನು ಕಂಜೂಸಿ ಅಂತ ಬೈದು ಸುಮ್ಮನಾಗಬಹುದಿತ್ತು. ಆದರೆ ತಾಯಿಮರ ಇನ್ನೂ ಇತ್ತಲ್ಲ! ನಾಳೆ ಅಜ್ಜಯ್ಯ ಬೇರೆ ಯಾರನ್ನೋ ಕಳಿಸಿದರೆ? ಆ ಯೋಚನೆ ಅವನಿಗೆ ಅನ್ನ ಸೇರದ ಹಾಗೆ ಮಾಡಿತು.

ಹಾಲಮ್ಮನ ಮನೆಯವರೆಲ್ಲ ನಾಮಕರಣಕ್ಕೆ ಹೋದ ದಿನ ನೋಡಿಕೊಂಡು ಮಟಮಟ ಮಧ್ಯಾಹ್ನ ಹೋದ. ಬೈರಿಗೆಯಿಂದ ಮರದ ಪೂರ್ವದ ಮೈಗೆ, ಎದೆಮಟ್ಟದಲ್ಲಿ, ತೂತು ಕೊರೆದ. ಹೆಬ್ಬೆರಳು ಹಿಡಿಸುವಷ್ಟು ತೂತು. ಒಳಗೆ ಇಂಗು ತುರುಕಿ, ಮೇಲೆ ಜೇಡಿಮಣ್ಣು ಮೆತ್ತಿ ಒರೆಸಿದ. ಮರಕ್ಕೆ ಇಂಗು ಇಟ್ಟರೆ ಅದು ನಿಂತಲ್ಲೇ ಒಣಗುತ್ತೆ ಅಂತ ಹಳಬರು ಹೇಳುತ್ತಿದ್ದದ್ದು ಅವನಿಗೆ ನೆನಪಿತ್ತು.

ಮರ ಒಣಗಿತು.

ಹಾಲಮ್ಮ ಅಳುತ್ತಾ ತೋಟಕ್ಕೆ ಬಂದಳು. ಓಂಕಾರಪ್ಪ ಅಲ್ಲೇ ಇದ್ದ.

“ಕಡ್ಡಿ ಕೊಟ್ಟಿದ್ದಕ್ಕೆ ಮುನಿಸ್ಕಂತು ಅಜ್ಜಯ್ಯ. ಎಷ್ಟು ತಲೆಮಾರಿಂದ ನಿಂತಿತ್ತು, ನಾನು ಕಡ್ಡಿ ಕೊಡಿಸ್ದೆ, ಹೋತು. ನಾನೇ ಕೈಯಾರೆ ಕೊಂದೆ.”

“ಕಡ್ಡಿ ಕೊಯ್ದರೆ ಮರ ಸಾಯೋದಿಲ್ಲ ತಾಯಿ.”

“ಮತ್ಯಾಕೆ ಸತ್ತೋತು? ನೀವೇ ಹೇಳ್ರಿ.”

ಅಜ್ಜಯ್ಯನ ಹತ್ತಿರ ಉತ್ತರವಿರಲಿಲ್ಲ. ಇದ್ದವನು ಬಾಯಿ ಬಿಡಲಿಲ್ಲ. 

ಸುದ್ದಿಗೆ ಕಾಲು ಬೇಕೇ? ಕಡ್ಡಿ ಕೊಟ್ಟರೆ ತಾಯಿಮರ ಸಾಯುತ್ತೆ ಅಂತ ಊರೂರು ಹಬ್ಬಿತು. ಜನ ಕೊಡುವುದನ್ನು ನಿಲ್ಲಿಸಿದರು. ಆಮೇಲೆ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದರು, ಇನ್ನೊಬ್ಬರ ಮರದ ಸಾವು ನಮಗ್ಯಾಕೆ ಅಂತ. ಅಜ್ಜಯ್ಯನ ತೋಟದ ಹಣ್ಣು ಹೊಳೆಗೆ ಬಿದ್ದು ತೇಲಿಹೋಗತೊಡಗಿತು. ಕಡ್ಡಿ ಸುತ್ತುವ ಬಟ್ಟೆಯ ತುಂಡುಗಳು ಹಗ್ಗದ ಮೇಲೆ ಒಣಗಿ ಸೆಟೆದುಕೊಂಡವು.

ವರ್ಷಗಳು ಕಳೆದವು. ಓಂಕಾರಪ್ಪನ ಹಿತ್ತಲಿನ ಹಲಸು ಹುಲುಸಾಗಿ ಬೆಳೆಯಿತು. ಈಗ ಲೋಕದಲ್ಲಿ ಇದೊಂದೇ ಮರ, ಅದು ನನ್ನದು. ಬೆಳಿಗ್ಗೆ ಎದ್ದು ಅದರ ಮುಂದೆ ನಿಂತು ಹೀಗೆ ಅಂದುಕೊಂಡರೆ ಅವನಿಗೆ ಆ ದಿನ ಕಾಫಿ ಬೇಡ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮನೆಯೆಲ್ಲ ಇಂಗಿನ ವಾಸನೆ.

“ಇಷ್ಟೊಂದು ಇಂಗು ಹಾಕ್ತಾರೇನೇ?” ಅಂದ ಹೆಂಡತಿಗೆ.

“ನಾನು ಇವತ್ತು ಒಗ್ಗರಣೆನೇ ಹಾಕಿಲ್ಲ ಕಣ್ರೀ” ಅಂದಳು ಸಾವಂತ್ರಮ್ಮ.

ವಾಸನೆಯ ಜಾಡು ಹಿಡಿದು ಹೋದರೆ ಹಿತ್ತಲು. ಹಲಸಿನ ಬುಡದ ನೆಲ ಬಿರುಕು ಬಿಟ್ಟಿತ್ತು.

ಓಂಕಾರಪ್ಪ ಅಲ್ಲೇ ನಿಂತ. ಕಸಿ ಬಲ್ಲವನು ಅವನು. ಕಾಂಡ ಹಾಲಮ್ಮನ ಮರದ್ದು, ಸರಿ. ಬೇರು? ಬೇರು ಕಾಡುಹಲಸಿನದು, ಅವನೇ ಬೀಜ ಹಾಕಿ ಬೆಳೆಸಿದ ಸಸಿಯದು. ಹಣ್ಣು ಬಿಟ್ಟರೆ ಕಾಂಡದಲ್ಲಿ ಬಿಡಬೇಕು. ನೆಲದೊಳಗೆ ಹೇಗೆ ಬಂತು ಹಾಲಮ್ಮನ ಹಣ್ಣು?

ಅಗೆದ. ಹಣ್ಣು ಸಿಕ್ಕಿತು. ಸೀಳಿದ. ಅದೇ ಕುಂಕುಮದ ಬಣ್ಣ. ಆದರೆ ಒಂದೊಂದು ತೊಳೆಯೂ ಇಂಗಿನ ಗಟ್ಟಿಯ ಹಾಗೆ ಮೂಗಿಗೆ ಹೊಡೆಯಿತು. ಹಸುವಿನ ಮುಂದೆ ಹಾಕಿದರೆ ಅದು ಮೂಸಿ, ಹಗ್ಗ ಜಗ್ಗಿ ಹಿಂದೆ ಸರಿಯಿತು.

ಆಮೇಲೆ ಬಚ್ಚಲುಮನೆಯ ನೆಲ ಬಿರಿಯಿತು. ಅಲ್ಲೂ ಹಣ್ಣು, ಅಲ್ಲೂ ಇಂಗು. ಆಮೇಲೆ ಅಡಿಗೆಮನೆಯಲ್ಲಿ ಒಲೆಯ ಪಕ್ಕ. ಸಿಮೆಂಟು ಹಾಕಿಸಿದ. ಸಿಮೆಂಟು ಎರಡು ಹೋಳಾಯಿತು. ಬೇರು ಅಷ್ಟು ದೂರ ಬರಲು ಸಾಧ್ಯವೇ ಇಲ್ಲ ಅಂತ ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಿದ್ದ ಹಾಗೆಯೇ ದೇವರಗೂಡಿನ ಕೆಳಗೆ ಸಣ್ಣಗೆ ಚಟ್ ಅಂದಿತು.

“ಏನು ಮಾಡಿದ್ದೀರಿ ಹೇಳ್ರೀ” ಅಂದಳು ಸಾವಂತ್ರಮ್ಮ. “ಆ ಮರ ಒಳಗೆ ಬರ್ತಾ ಇದೆ.”

“ಏನೂ ಇಲ್ಲ. ನಿನಗೆ ಎಲ್ಲದಕ್ಕೂ ಭಯ.”

“ನಿಮ್ಮ ಮುಖ ನೋಡಿದ್ರೆ ಭಯ ಆಗ್ತಿದೆ” ಅಂದಳು ಅವಳು. ಅವತ್ತಿನಿಂದ ಜಗಲಿಯಲ್ಲೇ ಮಲಗತೊಡಗಿದಳು.

ಅವನ ಮಂಚದ ಕೆಳಗೆ ನೆಲ ಬಿರಿದ ದಿನ ಓಂಕಾರಪ್ಪ ಹಿತ್ತಲಿಗೆ ಓಡಿದ. ನೆತ್ತಿಯ ಮೇಲೆ ಬಿಸಿಲು, ಒಂದು ಹಕ್ಕಿಯ ದನಿಯೂ ಇಲ್ಲ. ಮರದ ತುದಿಯ ಎಲೆ ಹಳದಿಯಾಗಿತ್ತು. ಕಾಂಡದ ಪೂರ್ವದ ಮೈಯಿಂದ ಬಿಳಿಯ ಮೇಣ ಇಳಿಯುತ್ತಿತ್ತು.

ಎದೆಮಟ್ಟದಲ್ಲಿ ಒಂದು ತೂತು.

ಯಾರೂ ಕೊರೆದದ್ದಲ್ಲ. ಹಿತ್ತಲಿಗೆ ಅವನನ್ನು ಬಿಟ್ಟು ಯಾರೂ ಬರುತ್ತಿರಲಿಲ್ಲ. ಹೆಬ್ಬೆರಳು ಇಟ್ಟು ನೋಡಿದ, ಹಿಡಿಸಿತು. ಒಳಗೆ ಹೋಗಿ ತುಕ್ಕು ಹಿಡಿದ ಬೈರಿಗೆ ತಂದು ತೂತಿನ ಬಾಯಿಗಿಟ್ಟ. ಒಂಚೂರೂ ತಿರುಗಿಸಬೇಕಾಗಲಿಲ್ಲ. ಹಿಡಿಯವರೆಗೂ ಸಲೀಸಾಗಿ ಹೋಯಿತು.

ಬೈರಿಗೆಯನ್ನು ಕಿತ್ತು ಬೇಲಿಯಾಚೆ ಎಸೆದ. 

ಜೇಡಿಮಣ್ಣು ಮೆತ್ತಿದ. ಬೆಳಿಗ್ಗೆ ಹೊತ್ತಿಗೆ ಮಣ್ಣು ಬುಡದಲ್ಲಿ ಬಿದ್ದಿತ್ತು. ಮತ್ತೆ ಮೆತ್ತಿದ, ಮತ್ತೆ ಬಿತ್ತು. ಎಲೆಗಳು ಉದುರುತ್ತಾ ಹೋದವು. ಕೊನೆಗೆ ಇಡೀ ಮರದಲ್ಲಿ ಹಸಿರು ಉಳಿದದ್ದು ಒಂದೇ ಒಂದು ಕಡ್ಡಿಯಲ್ಲಿ. ಅದನ್ನು ಕೊಯ್ದುಕೊಂಡು ಹೊಳೆ ದಾಟಿ ಓಡಿದ.

ಅಜ್ಜಯ್ಯ ಹಗ್ಗದ ಮೇಲಿನ ಬಟ್ಟೆಯ ತುಂಡುಗಳನ್ನು ಮಡಚುತ್ತಿದ್ದರು.

“ಅಜ್ಜಯ್ಯ, ಮರ ಸಾಯ್ತಾ ಇದೆ. ಉಳಿಸಿ.”

“ಯಾವ ಮರ?”

“ಹಾಲಮ್ಮನ ಹಲಸು.”

“ಅದು ಸತ್ತು ಎಷ್ಟು ವರ್ಷ ಆಯ್ತೋ!”

“ಸುಳ್ಳು ಹೇಳಿದ್ದೆ ಅಜ್ಜಯ್ಯ. ಕಡ್ಡಿ ಚಿಗುರಿತ್ತು. ಒಂದು ಇಟ್ಟುಕೊಂಡಿದ್ದೆ.”

ಅಜ್ಜಯ್ಯ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಹಂಗಾದ್ರೆ ಸತ್ತಿಲ್ಲ ಅನ್ನು.”

“ತಾಯಿಮರ ಸತ್ತಿತು. ಇದು ಅದರ...”

“ಅದರ ಏನು? ಮಗುವಾ?”

ಓಂಕಾರಪ್ಪನ ಕೈ ಅವನಿಗೇ ಗೊತ್ತಿಲ್ಲದೆ ಕಿವಿಗೆ ಹೋಯಿತು. ಹಿಂಡಿದ್ದು ಕಿವಿ, ಕೂಗಿದ್ದು ಬಾಯಿ; ಮೈ ಒಂದೇ. ಆಮೇಲೆ ಎಲ್ಲ ಹೇಳಿದ. ಕಿತ್ತೆಸೆದ ಸಸಿ, ಬೈರಿಗೆ, ಇಂಗು, ಜೇಡಿಮಣ್ಣು, ಒಂದೂ ಬಿಡಲಿಲ್ಲ. ಹೇಳುತ್ತಾ ಹೇಳುತ್ತಾ ಅತ್ತ.

“ಯಾಕೆ ಮಾಡಿದೆ?” ಅಂತ ಕೇಳಿದರು ಅಜ್ಜಯ್ಯ.

“ನನ್ನೊಬ್ಬನ ಹತ್ತಿರ ಇರಲಿ ಅಂತ.”

“ಇದೆಯಲ್ಲ ಈಗ, ನಿನ್ನೊಬ್ಬನ ಹತ್ತಿರ.”

ಓಂಕಾರಪ್ಪ ಅವರ ಕಾಲು ಹಿಡಿದ. “ಏನು ಮಾಡಲಿ ಹೇಳಿ. ಕೇಳ್ತೀನಿ.”

ಅಜ್ಜಯ್ಯ ಅವನ ಕೈಯಿಂದ ಕಡ್ಡಿ ತೆಗೆದುಕೊಂಡರು. ಒಂದು ಬಟ್ಟೆಯ ತುಂಡನ್ನು ನೀರಲ್ಲಿ ಅದ್ದಿ, ಹಿಂಡಿ, ಕಡ್ಡಿಗೆ ಸುತ್ತಿದರು. ತೋಟಕ್ಕೆ ಬಂದ ಯಾವನೋ ದಾರಿಹೋಕನಿಗೆ ಕೊಡುವ ಹಾಗೆ ಅವನ ಕೈಗಿಟ್ಟರು.

“ಕೊಟ್ಟು ಬಾ” ಅಂದರು.

ಓಂಕಾರಪ್ಪ ನೆಟ್ಟಗೆ ಹಾಲಮ್ಮನ ಊರಿನ ದಾರಿ ಹಿಡಿದ.

ಹಾಲಮ್ಮನ ಮನೆಬಾಗಿಲಲ್ಲಿ ನೆರೆಮನೆಯ ಹೆಂಗಸೊಬ್ಬಳು ನಿಂತಿದ್ದಳು. ದಾಸವಾಳದ ಒಂದು ಕಡ್ಡಿ ಕೇಳಿಕೊಂಡು ಬಂದಿದ್ದಳು.

“ಹೂ ಎಷ್ಟು ಬೇಕಾದ್ರೂ ಕಿತ್ಕಂಡೋಗು ತಾಯಿ. ಕಡ್ಡಿ ಮಾತ್ರ ಕೇಳಬ್ಯಾಡ” ಅನ್ನುತ್ತಿದ್ದಳು ಹಾಲಮ್ಮ. ಅವಳ ಜೋರುಬಾಯಿ ಎಲ್ಲಿ ಹೋಗಿತ್ತೋ, ದನಿ ಗಂಟಲಿಂದ ಹೊರಗೆ ಬರುತ್ತಿರಲಿಲ್ಲ.

ಓಂಕಾರಪ್ಪನನ್ನು ಕಂಡು ಗುರುತು ಹಿಡಿದಳು. “ಬಾರಪ್ಪ. ಕಡ್ಡಿ ಕೊಯ್ದೋನು ನೀನೇ ಅಂತ ನಿನ್ನ ಮ್ಯಾಲೆ ನಂಗೆ ಸಿಟ್ಟಿಲ್ಲ. ತಪ್ಪು ನಂದು. ಕೊಡು ಅಂದೋಳು ನಾನು.”

ಅಲ್ಲೇ, ಅವಳ ಮಾತು ಮುಗಿಯುವ ಮೊದಲೇ, ಓಂಕಾರಪ್ಪನಿಗೆ ತಿಳಿಯಿತು. ತಾನು ಇಂಗು ಇಟ್ಟದ್ದು ಮರವೊಂದಕ್ಕೇ ಅಲ್ಲ. ಈ ಹೆಂಗಸೂ ಅಷ್ಟು ವರ್ಷದಿಂದ ನಿಂತಲ್ಲೇ ಒಣಗುತ್ತಿದ್ದಳು.

“ಅವ್ವಾ, ಮರ ಕೊಂದದ್ದು ನೀವಲ್ಲ. ನಾನು. ತೂತು ಕೊರೆದು ಇಂಗು ಇಟ್ಟೆ.”

ಹಾಲಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಮೂಲೆಯಲ್ಲಿದ್ದ ಪೊರಕೆ ಎತ್ತಿಕೊಂಡಳು. ತಲೆ, ಬೆನ್ನು, ಭುಜ ಅಂತ ನೋಡದೆ ಬಾರಿಸಿದಳು. ಪೊರಕೆಯ ಕಡ್ಡಿ ಉದುರುವವರೆಗೂ ಬಾರಿಸಿದಳು. ಓಂಕಾರಪ್ಪ ಬಟ್ಟೆ ಸುತ್ತಿದ ಕಡ್ಡಿಯನ್ನು ಎದೆಗವಚಿಕೊಂಡು ಬಗ್ಗಿ ಕೂತ.

ಕೈ ಸೋತ ಮೇಲೆ ಅವಳು ಹೊಸ್ತಿಲ ಮೇಲೆ ಕುಸಿದಳು.

“ಹಂಗಾದ್ರೆ ನಾನು ಕೊಂದಿಲ್ಲ” ಅಂದಳು.

“ಇಲ್ಲವ್ವಾ.”

“ನಾನು ಕೊಂದಿಲ್ಲ” ಅಂತ ಒಳಗಿದ್ದ ಸೊಸೆಯರಿಗೆ ಕೂಗಿ ಹೇಳಿದಳು. ನೆರೆಮನೆಯವಳಿಗೆ ಹೇಳಿದಳು. ಸೆರಗು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಎದ್ದು, ದಾಸವಾಳದ ಒಂದು ಕಡ್ಡಿ ಲಟಕ್ಕನೆ ಮುರಿದು ನೆರೆಮನೆಯವಳ ಕೈಗಿಟ್ಟಳು.

“ಅದು ಏನು ಕೈಯಾಗೆ?” ಅಂತ ಓಂಕಾರಪ್ಪನನ್ನು ಕೇಳಿದಳು.

“ನಿಮ್ಮ ಮರ.”

ಅವಳು ಬಟ್ಟೆ ಬಿಚ್ಚಿ ನೋಡಿದಳು.  “ನಾಕೂರು ನೋಡ್ಕಂಡು ಬಾ ಅಂದಿದ್ದೆ. ಒಂದೂರಲ್ಲೇ ಕೂಡಿ ಹಾಕಿದ್ರಲ್ಲ ತಾಯಿ ನಿನ್ನ” ಅಂದಳು ಅದಕ್ಕೆ. ಆಮೇಲೆ ಇವನ ಕಡೆ ತಿರುಗಿ, “ಕಟ್ಟು. ಕೊಂದ ಕೈಯಾಗೇ ಕಟ್ಟು. ಇದು ಬೆಳೆದ ಮ್ಯಾಲೆ ಕೇಳಿದೋರಿಗೆಲ್ಲ ನೀನೇ ಒಯ್ದು ಕೊಡಬೇಕು. ಏನು ಮಾಡಿದ್ದೆ ಅಂತ ಹೇಳಿ ಕೊಡಬೇಕು” ಅಂದಳು.

ಅವನು ಅವಳ ಹಿತ್ತಲಲ್ಲಿದ್ದ ಹಲಸಿನ ಸಸಿಯೊಂದರ ಮೇಲೆ ಕಟ್ಟಿದ. 

ಕಡ್ಡಿ ಚಿಗುರಿತು. ಅದು ಚಿಗುರಿದ ವಾರದಲ್ಲೇ ಓಂಕಾರಪ್ಪನ ಹಿತ್ತಲಿನ ಮರ ಪೂರಾ ಒಣಗಿತು. ಮನೆಯಲ್ಲಿ ಇಂಗಿನ ವಾಸನೆ ನಿಂತಿತು. ಸಾವಂತ್ರಮ್ಮ ಹಾಸಿಗೆ ಎತ್ತಿಕೊಂಡು ಒಳಗೆ ಬಂದಳು.

ಹಾಲಮ್ಮನ ಹಿತ್ತಲಿನಲ್ಲಿ ನೆಲ ಬಿರಿದಾಗ ಬಂದದ್ದು ಹಲಸಿನದೇ ಘಮ. ಅಲ್ಲಿಂದ ಕಡ್ಡಿ ಊರೂರಿಗೆ ಹೋಯಿತು. ಓಂಕಾರಪ್ಪನೇ ಹೊತ್ತು ಹೋದ. ಕಟ್ಟುವ ಮೊದಲು ಹೇಳುತ್ತಿದ್ದ, ನಾನು ಇಂಥವನು, ಇಂಥದ್ದು ಮಾಡಿದೆ ಅಂತ. ಕೆಲವರು ಉಗಿದರು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ಸುಮ್ಮನೆ ಕೇಳಿ, ಮಜ್ಜಿಗೆ ಕೊಟ್ಟು, ಜಾಗ ತೋರಿಸಿದರು. ಕಡ್ಡಿ ಕೊಟ್ಟರೆ ಮರ ಸಾಯುತ್ತೆ ಅನ್ನುವ ಮಾತು ಮೆಲ್ಲಗೆ ಸತ್ತಿತು. ಅಜ್ಜಯ್ಯನ ಹಗ್ಗದ ಮೇಲೆ ಮತ್ತೆ ಒದ್ದೆ ಬಟ್ಟೆಗಳು ತೂಗಿದವು.

ಆದರೆ ಆ ಹಲಸಿನ ಪ್ರತಿ ಮರಕ್ಕೂ, ಕಾಂಡ ಒಂದಿಷ್ಟು ದಪ್ಪವಾದ ಮೇಲೆ, ಪೂರ್ವದ ಮೈಯಲ್ಲಿ ಎದೆಮಟ್ಟಕ್ಕೆ ಒಂದು ತೂತು ಬರುತ್ತಿತ್ತು. ಯಾವ ಊರಾದರೂ ಸರಿ, ಯಾರ ಮನೆಯಾದರೂ ಸರಿ. ಮರಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಹಣ್ಣು ಜೇನಿನಂತಿರುತ್ತಿತ್ತು. ಇದೇನು ಅಂತ ಮಕ್ಕಳು ಬೆರಳಿಟ್ಟು ಕೇಳುತ್ತಿದ್ದರು. ದೊಡ್ಡವರು ಕಥೆ ಹೇಳುತ್ತಿದ್ದರು.

ಓಂಕಾರಪ್ಪನ ತಲೆ ಬೆಳ್ಳಗಾಯಿತು. ಅಜ್ಜಯ್ಯ ಇನ್ನಷ್ಟು ಬಾಗಿದರು. ಒಂದು ಮಧ್ಯಾಹ್ನ, ಹೊಳೆಯ ನೀರೂ ಸದ್ದಿಲ್ಲದೆ ಹೋಗುತ್ತಿದ್ದ ಹೊತ್ತು, ಇಬ್ಬರೂ ತೋಟದ ಹಲಸಿನ ಮರದ ಮುಂದೆ ನಿಂತಿದ್ದರು. ಅದನ್ನೂ ಓಂಕಾರಪ್ಪನೇ ಕಟ್ಟಿದ್ದು. ಅದರಲ್ಲೂ ತೂತಿತ್ತು.

“ಹೇಳಿ ಹೇಳಿ ನಾಲ್ಗೆ ಸವೆದುಹೋಯ್ತು ಅಜ್ಜಯ್ಯ” ಅಂದ ಓಂಕಾರಪ್ಪ. “ಹಾಲಮ್ಮ ಕೂಡ ಸಾಯುವಾಗ ನನ್ನ ಕೈಯಿಂದಲೇ ನೀರು ಕುಡಿದಳು. ಅವಳೇ ಮರೆತಳು. ಮರ ಯಾಕೆ ಮರೀತಿಲ್ಲ? ಎಂಥ ಗಾಯಕ್ಕಾದರೂ ಇಷ್ಟೊತ್ತಿಗೆ ತೊಗಟೆ ಬೆಳೀಬೇಕಿತ್ತಲ್ಲ?”

ಅಜ್ಜಯ್ಯ ಕೋಲೂರಿಕೊಂಡು ಮರದ ಹತ್ತಿರ ಹೋದರು. ತೂತಿಗೆ ಕಿವಿಯಿಟ್ಟು, ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ತಿರುಗಿ ನೋಡಿದರು.

“ಗಾಯ ಆಗಿದ್ದಿದ್ರೆ ಮುಚ್ಚಿರೋದು ಮಗಾ. ಅದು ಬಾಯಿ.”